ಹೊಲ ಉಳುವಾಗ ಹೊಳೆದ ಟಿವಿ: ದೊಡ್ಡ ಕಂಪನಿಗೆ ಮಣಿಯದ ಫಾರ್ನ್ಸ್‌ವರ್ತ್ ಕಥೆ

ನಮ್ಮ ಪೇಟೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಗೋಡೆ ತುಂಬ ಟಿವಿ. ಕಂಪನಿಗಳ ಹೆಸರು ಚಿಕ್ಕ ಮಕ್ಕಳಿಗೂ ಬಾಯಿಪಾಠ. ಆದರೆ ಚಕ್ರ ಗಿಕ್ರ ಏನೂ ಇಲ್ಲದೆ, ಪೂರ್ತಿ ಎಲೆಕ್ಟ್ರಾನಿಕ್ ಆಗಿ ಕೆಲಸ ಮಾಡುವ ಟಿವಿಯನ್ನು ಮೊದಲು ಮಾಡಿ ತೋರಿಸಿದವರು ಯಾರು ಅಂತ ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅವರ ಹೆಸರು ಫೈಲೋ ಫಾರ್ನ್ಸ್‌ವರ್ತ್. ಅಮೆರಿಕದ ಒಬ್ಬ ರೈತನ ಮಗ. ಕಾಲೇಜು ಓದನ್ನೂ ಮುಗಿಸಲಿಲ್ಲ.

ಈಗ ಅವರ ಕಥೆ ಯಾಕೆ ಅಂದ್ರೆ, ನಮ್ಮ ತಾಲ್ಲೂಕಿನಲ್ಲೂ ಹೊಸದೇನಾದರೂ ಮಾಡುವ ಕೈಗಳಿಗೆ ಬರ ಇಲ್ಲ. ವೆಲ್ಡಿಂಗ್ ಶಾಪ್‌ನಲ್ಲಿ, ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ, ಅಡಿಕೆ ಸುಲಿಯೋ ಕಡೆ ಏನೋ ಒಂದು ಹೊಸ ಉಪಾಯ ಹೊಳೆದಿರುತ್ತೆ. ದೊಡ್ಡ ಕಂಪನಿಗೆ ತೋರಿಸಿದ್ರೆ ಅವರೇ ಮಾಡ್ಕೊಂಡುಬಿಡ್ತಾರೆ ಅನ್ನೋ ಭಯ. ತೋರಿಸದಿದ್ರೆ ಅದು ಅಲ್ಲೇ ತುಕ್ಕು ಹಿಡಿಯುತ್ತೆ. ಇದೇ ಇಕ್ಕಟ್ಟಿನಲ್ಲಿ ಫಾರ್ನ್ಸ್‌ವರ್ತ್ ಬದುಕಿನ ಅರ್ಧ ಭಾಗ ಕಳೆದರು. ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಅನ್ನೋದು ಎಲ್ಲರೂ ತಿಳಿದಿರಬೇಕಾದ ವಿಷಯ.

ಜನರೇಟರ್ ರಿಪೇರಿ ಮಾಡಿದ ಹುಡುಗ

ಫೈಲೋ ಹುಟ್ಟಿದ್ದು 1906ರ ಆಗಸ್ಟ್ 19ರಂದು, ಅಮೆರಿಕದ ಯೂಟಾ ರಾಜ್ಯದ ಬೀವರ್ ಎಂಬ ಊರಿನ ಹತ್ತಿರ, ತಾತ ಕಟ್ಟಿದ್ದ ಮರದ ದಿಮ್ಮಿಯ ಮನೆಯಲ್ಲಿ. ಆ ಮನೆಗೆ ಕರೆಂಟ್ ಇರಲಿಲ್ಲ. ಹುಡುಗನಿಗೆ 12 ವರ್ಷ ಆಗುವ ಹೊತ್ತಿಗೆ ಸಂಸಾರ ಐಡಹೋ ರಾಜ್ಯದ ರಿಗ್ಬಿ ಹತ್ತಿರದ ಜಮೀನಿಗೆ ಬಂತು. ಅಲ್ಲಿ ಒಂದು ಜನರೇಟರ್ ಇತ್ತು. ಅದು ಕೆಟ್ಟಾಗಲೆಲ್ಲ ರಿಪೇರಿ ಮಾಡೋ ಕೆಲಸ ಈ ಹುಡುಗನ ಪಾಲಿಗೆ ಬಂತು. ಕೈಯಲ್ಲಿ ತಿರುಗಿಸುವ ಬಟ್ಟೆ ಒಗೆಯೋ ಯಂತ್ರಕ್ಕೆ ಮೋಟಾರ್ ಕೂಡಿಸಿ ಮನೆಯವರ ಕೈನೋವನ್ನೂ ತಪ್ಪಿಸಿದ.

ಆ ಮನೆಯ ಅಟ್ಟದಲ್ಲಿ ಯಾರೋ ಬಿಟ್ಟುಹೋಗಿದ್ದ ವಿಜ್ಞಾನ ಪತ್ರಿಕೆಗಳ ಕಟ್ಟು ಸಿಕ್ಕಿತು. ಅದೇ ಅವನ ಪಾಠಶಾಲೆ ಆಯ್ತು. 13ನೇ ವಯಸ್ಸಿಗೆ ಕಾರು ಕದಿಯದಂತೆ ತಡೆಯುವ ಒಂದು ಅಯಸ್ಕಾಂತದ ಬೀಗದ ಉಪಾಯ ಬರೆದು ಕಳಿಸಿ, ಪತ್ರಿಕೆಯೊಂದರಿಂದ 25 ಡಾಲರ್ ಬಹುಮಾನ ಪಡೆದ.

ಉಳುಮೆಯ ಸಾಲು, ಶಾಲೆಯ ಕರಿಹಲಗೆ

ಆ ಕಾಲದಲ್ಲಿ ದೂರಕ್ಕೆ ಚಿತ್ರ ಕಳಿಸುವ ಪ್ರಯತ್ನಗಳು ಬೇರೆ ಕಡೆಯೂ ನಡೆದಿದ್ದವು. ಆದರೆ ಅವುಗಳಲ್ಲಿ ತೂತು ಕೊರೆದ ತಟ್ಟೆಯನ್ನು ಜೋರಾಗಿ ತಿರುಗಿಸಿ ಚಿತ್ರವನ್ನು ತುಂಡು ತುಂಡಾಗಿ ಹಿಡಿಯಬೇಕಿತ್ತು. ಎಷ್ಟು ಜೋರಾಗಿ ತಿರುಗಿಸಿದರೂ ಯಂತ್ರದ ವೇಗಕ್ಕೆ ಒಂದು ಮಿತಿ ಇದ್ದೇ ಇರುತ್ತೆ. ಚಿತ್ರ ಮಸುಕು ಮಸುಕು.

1921ರಲ್ಲಿ, 14 ವರ್ಷದ ಫೈಲೋ ಕುದುರೆ ಕಟ್ಟಿ ಹೊಲ ಉಳುತ್ತಿದ್ದ. ಹಿಂದಿರುಗಿ ನೋಡಿದರೆ ಸಾಲಿನ ಪಕ್ಕ ಸಾಲು, ಸಾಲಿನ ಪಕ್ಕ ಸಾಲು. ಚಿತ್ರವನ್ನೂ ಹೀಗೆ ಒಂದೊಂದೇ ಸಾಲಾಗಿ ಎಲೆಕ್ಟ್ರಾನ್‌ಗಳಿಂದ ಓದಿದರೆ ಹೇಗೆ ಅನ್ನೋ ಯೋಚನೆ ಅಲ್ಲೇ ಹೊಳೆಯಿತು. ಎಲೆಕ್ಟ್ರಾನ್‌ಗೆ ಚಕ್ರದ ಭಾರ ಇಲ್ಲ. ಕಣ್ಣಿಗೆ ಗೊತ್ತಾಗದಷ್ಟು ವೇಗದಲ್ಲಿ ಸಾಲು ಮುಗಿಸಬಹುದು.

ಮರುವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟೋಲ್ಮನ್ ಅವರ ಮುಂದೆ ಕರಿಹಲಗೆ ತುಂಬ ಚಿತ್ರ ಬರೆದು ಇದನ್ನೆಲ್ಲ ವಿವರಿಸಿದ. ಮೇಷ್ಟ್ರಿಗೆ ಮೊದಲು ತಲೆಬುಡ ತಿಳಿಯಲಿಲ್ಲವಾದರೂ ಹುಡುಗನನ್ನು ಓಡಿಸಲಿಲ್ಲ, ಕೂತು ಕೇಳಿದರು. ಈ ಕರಿಹಲಗೆಯ ವಿಷಯ ಹನ್ನೆರಡು ವರ್ಷದೊಳಗೆ ಅಮೆರಿಕದ ಪೇಟೆಂಟ್ ಕಚೇರಿಯ ಮುಂದೆ ಬರುತ್ತೆ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ನೌಕಾಪಡೆ ಬಿಟ್ಟಿದ್ದು ಯಾಕೆ?

1924ರಲ್ಲಿ ಅಪ್ಪ ತೀರಿಕೊಂಡರು. ಹಿರಿಮಗನ ಮೇಲೆ ಮನೆ ಭಾರ ಬಿತ್ತು. ಅದೇ ವರ್ಷ ಫೈಲೋ ನೌಕಾಪಡೆಗೆ ಸೇರಿದರು. ಸಂಬಳ, ಓದು ಎರಡೂ ಸಿಗುವ ಜಾಗ. ಆದರೆ ಅಲ್ಲಿ ಒಂದು ವಿಷಯ ಗೊತ್ತಾಯ್ತು. ಸೇವೆಯಲ್ಲಿದ್ದಾಗ ಏನಾದರೂ ಕಂಡುಹಿಡಿದರೆ ಅದರ ಪೇಟೆಂಟ್ ಸರ್ಕಾರಕ್ಕೆ ಸೇರುತ್ತೆ. ತಂದೆ ಇಲ್ಲದ ಮನೆಯ ಹಿರಿಮಗ ಅನ್ನೋ ನಿಯಮದ ಮೇಲೆ ಬಿಡುಗಡೆ ಕೇಳಿಕೊಂಡು ಕೆಲವೇ ತಿಂಗಳಲ್ಲಿ ಮನೆಗೆ ಬಂದುಬಿಟ್ಟರು.

ಹೊಟ್ಟೆಪಾಡಿಗೆ ಕಷ್ಟ ಇದ್ದ ದಿನಗಳಲ್ಲಿ ಖಾಯಂ ಕೆಲಸ ಬಿಟ್ಟದ್ದು ಅನೇಕರಿಗೆ ಹುಚ್ಚಾಟ ಅನ್ನಿಸಬಹುದು. ಆದರೆ ಆ ವಯಸ್ಸಿಗೇ ಅವರಿಗೆ ಒಂದು ವಿಷಯ ಸ್ಪಷ್ಟ ಇತ್ತು. ಯಾರ ಕೈಕೆಳಗೆ ಯಾವ ಷರತ್ತಿನ ಮೇಲೆ ಕೆಲಸ ಮಾಡ್ತೀವಿ ಅನ್ನೋದರ ಮೇಲೆಯೇ ಐಡಿಯಾ ಯಾರದ್ದಾಗುತ್ತೆ ಅನ್ನೋದು ನಿರ್ಧಾರ ಆಗುತ್ತೆ. ಕೆಲಸಕ್ಕೆ ಸೇರುವಾಗ ಸಹಿ ಹಾಕುವ ಕಾಗದವನ್ನು ಓದದೇ ಇರುವವರು ಇವತ್ತಿಗೂ ಎಷ್ಟು ಜನ ಇಲ್ಲ ಹೇಳಿ.

ಮೊದಲು ಅರ್ಜಿ, ಆಮೇಲೆ ಪ್ರದರ್ಶನ

1926ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಧರ್ಮಕಾರ್ಯಕ್ಕೆ ದೇಣಿಗೆ ಎತ್ತುತ್ತಿದ್ದ ಜಾರ್ಜ್ ಎವರ್‌ಸನ್ ಮತ್ತು ಲೆಸ್ಲಿ ಗೊರೆಲ್ ಅವರ ಪರಿಚಯ ಆಯ್ತು. ಹುಡುಗನ ಮಾತು ಕೇಳಿ ಎವರ್‌ಸನ್ ತಮ್ಮ ಉಳಿತಾಯದಿಂದ 6,000 ಡಾಲರ್ ಹಾಕಲು ಒಪ್ಪಿದರು. ಅದೇ ವರ್ಷ ಮೇ ತಿಂಗಳಲ್ಲಿ ಫೈಲೋಗೆ ಎಲ್ಮಾ ಗಾರ್ಡ್ನರ್ ಜೊತೆ ಮದುವೆ. ಎಲ್ಲರೂ ಆಕೆಯನ್ನು ಪೆಮ್ ಅಂತ ಕರೆಯುತ್ತಿದ್ದರು. ಮದುವೆಯಾದ ಕೂಡಲೇ ಕ್ಯಾಲಿಫೋರ್ನಿಯಾ ರೈಲು ಹತ್ತಿದರು.

ಸ್ಯಾನ್ ಫ್ರಾನ್ಸಿಸ್ಕೊದ ಬ್ಯಾಂಕಿನವರು 25,000 ಡಾಲರ್ ಕೊಡಲು ಮುಂದಾದ ಮೇಲೆ ಗ್ರೀನ್ ಸ್ಟ್ರೀಟ್‌ನ 202ನೇ ನಂಬರ್ ಕಟ್ಟಡದಲ್ಲಿ ಪ್ರಯೋಗಾಲಯ ಶುರುವಾಯ್ತು. ಪೆಮ್ ನಕ್ಷೆ ಬರೆಯೋದು ಕಲಿತರು, ತಂತಿ ಸುತ್ತಿದರು. ಆಕೆಯ ಅಣ್ಣ ಕ್ಲಿಫ್ ಗಾಜು ಊದೋದನ್ನು ಕಲಿತು, ಮುಂಭಾಗ ಚಪ್ಪಟೆಯಾಗಿರುವ ಗಾಜಿನ ಕೊಳವೆ ಮಾಡಿಕೊಟ್ಟರು. ಅದು ಆಗೋ ಕೆಲಸವೇ ಅಲ್ಲ ಅಂತ ತಿಳಿದವರು ಹೇಳಿದ್ದ ಕೆಲಸ ಅದು.

ಆ ಕೊಳವೆ ಕೆಲಸ ಮಾಡುವ ರೀತಿ ಹೀಗೆ. ಮಸೂರದ ಮೂಲಕ ಬಂದ ಚಿತ್ರ ಬೆಳಕಿಗೆ ಸ್ಪಂದಿಸುವ ಒಂದು ಪದರದ ಮೇಲೆ ಬೀಳುತ್ತೆ. ಬೆಳಕು ಹೆಚ್ಚು ಬಿದ್ದ ಕಡೆ ಹೆಚ್ಚು ಎಲೆಕ್ಟ್ರಾನ್, ಕಡಿಮೆ ಬಿದ್ದ ಕಡೆ ಕಡಿಮೆ ಎಲೆಕ್ಟ್ರಾನ್ ಹೊರಗೆ ಬರುತ್ತೆ. ಹೀಗೆ ಬೆಳಕಿನ ಚಿತ್ರ ವಿದ್ಯುತ್ತಿನ ಚಿತ್ರ ಆಗುತ್ತೆ. ಅದನ್ನು ಅಯಸ್ಕಾಂತದ ಬಲದಿಂದ ಆಚೀಚೆ ಸರಿಸಿ, ಒಂದು ಸಣ್ಣ ಕಿಂಡಿಯ ಮುಂದೆ ಸಾಲು ಸಾಲಾಗಿ ಹಾಯಿಸಿದರೆ ಆಯ್ತು. ಹೊಲದ ಸಾಲು ಇಲ್ಲಿಗೆ ಬಂತು.

ಮುಖ್ಯ ವಿಷಯ ಇಲ್ಲಿದೆ. 1927ರ ಜನವರಿ 7ರಂದು ಅವರು ಪೇಟೆಂಟ್ ಅರ್ಜಿ ಹಾಕಿದರು. ಯಂತ್ರ ಆಗಿನ್ನೂ ಚಿತ್ರ ತೋರಿಸಿರಲಿಲ್ಲ. ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಮಾತ್ರ ಪೂರ್ತಿ ಬರೆದುಕೊಟ್ಟಿದ್ದರು. ಎಂಟು ತಿಂಗಳ ನಂತರ, ಸೆಪ್ಟೆಂಬರ್ 7ರಂದು, ಪರದೆಯ ಮೇಲೆ ಮೊದಲ ಚಿತ್ರ ಮೂಡಿತು. ಒಂದು ಗೆರೆ, ಅಷ್ಟೇ. ಆದರೆ ಇನ್ನೊಂದು ಕೋಣೆಯಲ್ಲಿ ಗೆರೆ ಇದ್ದ ಗಾಜನ್ನು ತಿರುಗಿಸಿದಾಗ ಪರದೆಯ ಗೆರೆಯೂ ತಿರುಗಿತು. ಆಗ ಫೈಲೋಗೆ ವಯಸ್ಸು 21. ದುಡ್ಡು ಯಾವಾಗ ಕಾಣಿಸುತ್ತೆ ಅಂತ ಹಣ ಹಾಕಿದವರು ಕೇಳುತ್ತಿದ್ದರಂತೆ, ಅವರಿಗೆ ಪರದೆ ಮೇಲೆ ಡಾಲರ್ ಗುರುತನ್ನೇ ತೋರಿಸಿ ನಗಿಸಿದರು. ಪತ್ರಕರ್ತರನ್ನು ಕರೆದು ತೋರಿಸಿದ್ದು 1928ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಅರ್ಜಿ ಕಚೇರಿಯಲ್ಲಿ ಒಂದೂವರೆ ವರ್ಷದಿಂದ ಭದ್ರವಾಗಿ ಕೂತಿತ್ತು.

ಮೂರು ದಿನದ ಅತಿಥಿ

ಆಗ ಅಮೆರಿಕದ ರೇಡಿಯೋ ವ್ಯಾಪಾರ ಪೂರ್ತಿ ಆರ್‌ಸಿಎ ಎಂಬ ಕಂಪನಿಯ ಮುಷ್ಟಿಯಲ್ಲಿತ್ತು. ಅದರ ಮುಖ್ಯಸ್ಥ ಡೇವಿಡ್ ಸಾರ್ನಾಫ್. ಬೇರೆ ಕಂಪನಿಗಳು ರೇಡಿಯೋ ಮಾಡಬೇಕಾದರೆ ಆರ್‌ಸಿಎಗೆ ಪೇಟೆಂಟ್ ಹಣ ಕಟ್ಟಬೇಕು. ಆರ್‌ಸಿಎ ಮಾತ್ರ ಯಾರಿಗೂ ಕಟ್ಟಲ್ಲ. ಅದು ಅವರ ವ್ಯಾಪಾರದ ರೀತಿ.

1930ರ ಏಪ್ರಿಲ್‌ನಲ್ಲಿ ವ್ಲಾದಿಮಿರ್ ಜ್ವೊರಿಕಿನ್ ಎಂಬ ವಿಜ್ಞಾನಿ ಗ್ರೀನ್ ಸ್ಟ್ರೀಟ್‌ಗೆ ಬಂದರು. ರಷ್ಯಾದಿಂದ ಬಂದು ನೆಲೆಸಿದ್ದ, ಟಿವಿ ಬಗ್ಗೆ ತುಂಬಾ ಕೆಲಸ ಮಾಡಿದ್ದ ದೊಡ್ಡ ಇಂಜಿನಿಯರ್. ವೆಸ್ಟಿಂಗ್‌ಹೌಸ್ ಕಂಪನಿಯವರು ಅಂತಲೇ ಫೈಲೋ ತಿಳಿದಿದ್ದರು. ಆದರೆ ಅವರು ಸಾರ್ನಾಫ್ ಕೈಕೆಳಗೆ ಆರ್‌ಸಿಎ ಕೆಲಸಕ್ಕೆ ಹೋಗುವ ಹಾದಿಯಲ್ಲಿದ್ದರು. ಹಣ ಹಾಕಿದವರಿಗೆ ದೊಡ್ಡ ಕಂಪನಿ ಬಂದು ಖರೀದಿ ಮಾಡಲಿ ಅನ್ನೋ ಆಸೆ. ಫೈಲೋಗೆ, ವಿಷಯ ಅರ್ಥ ಮಾಡಿಕೊಳ್ಳುವ ಒಬ್ಬರು ಸಿಕ್ಕರಲ್ಲ ಅನ್ನೋ ಖುಷಿ. ಮೂರು ದಿನ ಬಾಗಿಲು ತೆರೆದು ಎಲ್ಲ ತೋರಿಸಿದರು. ಕೊಳವೆಯನ್ನು ಅತಿಥಿಯ ಎದುರೇ ಮಾಡಿ ತೋರಿಸಿದರು. ಜ್ವೊರಿಕಿನ್ ಮನಸಾರೆ ಮೆಚ್ಚಿದರು. ವಾಪಸ್ ಹೋಗುತ್ತಾ ವೆಸ್ಟಿಂಗ್‌ಹೌಸ್‌ನ ತಮ್ಮ ಹಳೆಯ ಜೊತೆಗಾರರಿಂದ ಅದೇ ತರಹದ ಕೊಳವೆಗಳನ್ನು ಮಾಡಿಸಿಕೊಂಡರು.

ಇಲ್ಲಿ ಜ್ವೊರಿಕಿನ್ ಅವರನ್ನು ಬರೀ ಕಳ್ಳ ಅಂತ ಹೇಳಿದರೆ ಅನ್ಯಾಯ ಆಗುತ್ತೆ. ಮುಂದೆ ಅವರು ಮಾಡಿದ ಐಕೊನೊಸ್ಕೋಪ್ ಎಂಬ ಕೊಳವೆ ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುತ್ತಿತ್ತು. ಫೈಲೋ ಕೊಳವೆಗೆ ಕಣ್ಣು ಕೋರೈಸುವಷ್ಟು ಬೆಳಕು ಬೇಕಿತ್ತು. 1929ರಲ್ಲಿ ಪೆಮ್ ಮುಖ ಪರದೆ ಮೇಲೆ ಬಂದಾಗ ಆ ಬೆಳಕಿಗೆ ಆಕೆ ಕಣ್ಣು ಮುಚ್ಚಿಯೇ ಇದ್ದರು. ಆದರೆ ಮೂರು ದಿನದಲ್ಲಿ ಆ ಪ್ರಯೋಗಾಲಯದಿಂದ ಹೊರಗೆ ಹೋದದ್ದು ಪೇಟೆಂಟ್ ಅರ್ಜಿಯಲ್ಲಿ ಬರೆಯಲಾಗದ ಕೈಚಳಕ. ಗಾಜು ಹೇಗೆ ಊದಬೇಕು, ಹೇಗೆ ಮುಚ್ಚಬೇಕು ಅನ್ನೋದು. ಯಾವ ಬರಹದ ಕರಾರೂ ಇಲ್ಲದೆ ಅದು ಹೋಯ್ತು. ಉಳಿದದ್ದು ಅರ್ಜಿಯ ತಾರೀಕು. ಅದೇ ವರ್ಷ ಆಗಸ್ಟ್ 26ರಂದು ಪೇಟೆಂಟ್ ಕೈಗೆ ಬಂತು.

ಒಂದು ಲಕ್ಷ ಡಾಲರ್ ಬೇಡ ಅಂದಿದ್ದು

1931ರಲ್ಲಿ ಸಾರ್ನಾಫ್ ಅವರೇ ಗ್ರೀನ್ ಸ್ಟ್ರೀಟ್‌ಗೆ ಬಂದರು. ಆಗ ಫೈಲೋ ಊರಲ್ಲಿರಲಿಲ್ಲ. ಒಂದು ಲಕ್ಷ ಡಾಲರ್ ಕೊಡ್ತೀವಿ, ಕಂಪನಿ ನಮಗೆ ಬರೆದುಕೊಡಿ, ಫೈಲೋ ನಮ್ಮಲ್ಲೇ ಕೆಲಸಕ್ಕೆ ಇರಲಿ ಅನ್ನೋ ಮಾತು ಬಂತು. ಅದು ಅಮೆರಿಕದಲ್ಲಿ ವ್ಯಾಪಾರ ಕುಸಿದು ಬ್ಯಾಂಕುಗಳು ಮುಚ್ಚುತ್ತಿದ್ದ ಕಾಲ. ಆದರೂ ಫೈಲೋ ಒಪ್ಪಲಿಲ್ಲ. ಮಾರೋದಿಲ್ಲ, ಬೇಕಾದರೆ ಲೈಸೆನ್ಸ್ ತಗೊಂಡು ಬಳಸಿ, ಮಾಡಿದಷ್ಟಕ್ಕೆ ಹಣ ಕೊಡಿ ಅನ್ನೋದು ಅವರ ನಿಲುವು. ಅಂಗಡಿಯವರ ಮಾತಲ್ಲಿ ಹೇಳೋದಾದ್ರೆ, ಮಳಿಗೆ ಬಾಡಿಗೆಗೆ ಕೊಡ್ತೀನಿ, ಕ್ರಯಕ್ಕೆ ಕೊಡಲ್ಲ ಅಂದ ಹಾಗೆ.

ಅದೇ ವರ್ಷ ಫಿಲ್ಕೊ ಎಂಬ ರೇಡಿಯೋ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಫಿಲಡೆಲ್ಫಿಯಾಗೆ ಹೋದರು. ಫಿಲ್ಕೊ ಕೂಡ ರೇಡಿಯೋ ಪೇಟೆಂಟ್‌ಗಾಗಿ ಆರ್‌ಸಿಎಗೆ ಹಣ ಕಟ್ಟುವ ಕಂಪನಿಯೇ. ಆ ನಂಟು ಬಹಳ ಕಾಲ ಉಳಿಯಲಿಲ್ಲ. ಅಲ್ಲಿದ್ದಾಗ 1932ರ ಮಾರ್ಚ್‌ನಲ್ಲಿ ಅವರ ಪುಟ್ಟ ಮಗ ಕೆನ್ನಿ ತೀರಿಕೊಂಡ. ಮಣ್ಣು ಮಾಡಲು ಮಗುವನ್ನು ಯೂಟಾಗೆ ಕೊಂಡೊಯ್ದದ್ದು ಪೆಮ್ ಒಬ್ಬರೇ. ಫೈಲೋ ಕೆಲಸ ಬಿಟ್ಟು ಹೋಗಲಾಗಲಿಲ್ಲ. ಆ ಗಾಯ ಗಂಡ ಹೆಂಡತಿ ಇಬ್ಬರಲ್ಲೂ ಬಹಳ ವರ್ಷ ಮಾಯಲಿಲ್ಲ.

ಪೇಟೆಂಟ್ ಕಚೇರಿಯಲ್ಲಿ ಜಟಾಪಟಿ

ಖರೀದಿ ಆಗದ್ದನ್ನು ವ್ಯಾಜ್ಯದಿಂದ ಪಡೆಯಲು ಆರ್‌ಸಿಎ ಹೊರಟಿತು. ಜ್ವೊರಿಕಿನ್ 1923ರಲ್ಲೇ ಟಿವಿ ಬಗ್ಗೆ ಅರ್ಜಿ ಹಾಕಿದ್ದರು, ಆದ್ದರಿಂದ ಮೊದಲಿಗರು ಅವರೇ ಅನ್ನೋದು ಕಂಪನಿಯ ವಾದ. 1923 ಎಲ್ಲಿ, 1927 ಎಲ್ಲಿ! ಮೇಲ್ನೋಟಕ್ಕೆ ಫೈಲೋ ಸೋತೇಬಿಟ್ಟರು ಅನ್ನಿಸುತ್ತಿತ್ತು. ಎದುರು ಪಕ್ಷದಲ್ಲಿ ವಕೀಲರ ದೊಡ್ಡ ಪಡೆ. ಇವರ ಕಡೆ ಹಣದ ಕೊರತೆ.

ಆಗ ಕರಿಹಲಗೆ ನೆನಪಾಯ್ತು. ಫೈಲೋ ವಕೀಲರು ಟೋಲ್ಮನ್ ಮೇಷ್ಟ್ರನ್ನು ಹುಡುಕಿ ಸಾಕ್ಷಿ ಹೇಳಿಸಿದರು. ಹದಿಹರೆಯದ ಶಿಷ್ಯ 1922ರಲ್ಲಿ ಬಿಡಿಸಿದ್ದ ಕೊಳವೆಯ ಚಿತ್ರವನ್ನು ಮೇಷ್ಟ್ರು ನೆನಪಿನಿಂದ ಬರೆದು ತೋರಿಸಿದರು.

ಇನ್ನೊಂದು ಕಡೆ, 1923ರ ಅರ್ಜಿಯಲ್ಲಿ ಹೇಳಿದ ಯಂತ್ರ ಆ ದಿನಗಳಲ್ಲಿ ನಿಜಕ್ಕೂ ಕೆಲಸ ಮಾಡಿತ್ತು ಅಂತ ತೋರಿಸಲು ಆರ್‌ಸಿಎ ಕೈಲಿ ಆಗಲಿಲ್ಲ. ಜಗಳ ಇದ್ದದ್ದು ಫೈಲೋ ಪೇಟೆಂಟಿನ ಒಂದು ಮುಖ್ಯ ಸಾಲಿನ ಮೇಲೆ. ಬೆಳಕಿನ ಚಿತ್ರವನ್ನು ಇಡಿಯಾಗಿ ವಿದ್ಯುತ್ತಿನ ಚಿತ್ರ ಮಾಡಿ, ಅದನ್ನು ಸಾಲು ಸಾಲಾಗಿ ಓದುವ ವಿಷಯ. ಅದು ಫೈಲೋ ಅವರದ್ದೇ ಅಂತ 1934ರಲ್ಲಿ ಪೇಟೆಂಟ್ ಕಚೇರಿ ತೀರ್ಪು ಕೊಟ್ಟಿತು. ಆರ್‌ಸಿಎ ಮೇಲ್ಮನವಿ ಹಾಕಿ ಅದರಲ್ಲೂ ಸೋತಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಫೈಲೋ ತಮ್ಮ ಟಿವಿಯನ್ನು ಸಾರ್ವಜನಿಕರಿಗೆ ತೋರಿಸಿದರು. ಜನ ದುಡ್ಡು ಕೊಟ್ಟು ಬಂದು ನೋಡಿದರು.

ಗೆದ್ದರು, ಆದರೆ ಗಡಿಯಾರ ನಿಲ್ಲಲಿಲ್ಲ

1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಸಾರ್ನಾಫ್ ಕ್ಯಾಮೆರಾ ಮುಂದೆ ನಿಂತು ಟಿವಿ ಯುಗ ಶುರುವಾಯ್ತು ಅಂತ ಸಾರಿದರು. ಜನರ ಮನಸ್ಸಲ್ಲಿ ಟಿವಿ ಅಂದ್ರೆ ಆರ್‌ಸಿಎ ಅಂತ ಕೂತದ್ದು ಹೀಗೆ. ಆದರೆ ಫೈಲೋ ಪೇಟೆಂಟ್ ಮುಟ್ಟದೆ ಟಿವಿ ಮಾರೋದು ಅವರಿಗೆ ಸಾಧ್ಯ ಇರಲಿಲ್ಲ. ಐದು ತಿಂಗಳ ನಂತರ, ಸೆಪ್ಟೆಂಬರ್‌ನಲ್ಲಿ, ಆರ್‌ಸಿಎ ಲೈಸೆನ್ಸ್ ಕರಾರಿಗೆ ಸಹಿ ಹಾಕಿತು. ಹತ್ತು ವರ್ಷಗಳಲ್ಲಿ 10 ಲಕ್ಷ ಡಾಲರ್, ಅದರ ಮೇಲೆ ರಾಯಲ್ಟಿ. ಎಲ್ಲರಿಂದ ವಸೂಲಿ ಮಾಡಿ ಅಭ್ಯಾಸ ಆಗಿದ್ದ ಕಂಪನಿ ಕಟ್ಟುವ ಕಡೆ ಕೂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಯುದ್ಧ ಬಂತು. 1942ರಲ್ಲಿ ಅಮೆರಿಕದಲ್ಲಿ ಟಿವಿ ತಯಾರಿಕೆಯೇ ನಿಂತಿತು. ಆ ಕಾಲದ ಅಮೆರಿಕದ ಕಾನೂನಿನಲ್ಲಿ ಪೇಟೆಂಟ್ ಸಿಕ್ಕ ದಿನದಿಂದ 17 ವರ್ಷ ಮಾತ್ರ ಹಕ್ಕು. ಯುದ್ಧ ಇತ್ತು ಅಂತ ಆ ಲೆಕ್ಕ ನಿಲ್ಲಲಿಲ್ಲ. 1930ರಲ್ಲಿ ಸಿಕ್ಕ ಪೇಟೆಂಟ್ 1947ಕ್ಕೆ ಮುಗಿಯಿತು. ಅಮೆರಿಕದ ಮನೆಮನೆಗೆ ಟಿವಿ ನುಗ್ಗಿದ್ದು ಅದರ ನಂತರವೇ. ಗಿಡ ನೆಟ್ಟು, ನೀರು ಹಾಕಿ, ಕೋರ್ಟು ಕಚೇರಿ ಅಲೆದು ತೋಟ ಉಳಿಸಿಕೊಂಡವರಿಗೆ ಫಸಲು ಬರೋ ಹೊತ್ತಿಗೆ ಗುತ್ತಿಗೆ ಮುಗಿದಿತ್ತು.

ಕೊನೆಯ ದಿನಗಳು

ವ್ಯಾಜ್ಯದ ವರ್ಷಗಳು ಅವರ ದೇಹ ಮನಸ್ಸು ಎರಡನ್ನೂ ಹಿಂಡಿದವು. ಖಿನ್ನತೆ, ಕುಡಿತ ಎರಡೂ ಅಂಟಿಕೊಂಡವು. ಫೋರ್ಟ್ ವೇನ್‌ನಲ್ಲಿದ್ದ ಅವರ ಹೆಸರಿನ ಕಂಪನಿಯನ್ನು 1949ರಲ್ಲಿ ಐಟಿಟಿ ಕೊಂಡುಕೊಂಡಿತು. ಆದರೂ ಕೆಲಸ ಬಿಡಲಿಲ್ಲ. ಅಣು ಸಮ್ಮಿಲನದಿಂದ ಶಕ್ತಿ ಪಡೆಯುವ ಬಗ್ಗೆ ಕೊನೆಯವರೆಗೂ ಪ್ರಯೋಗ ಮಾಡಿದರು. ದೇಶ ವಿದೇಶಗಳದ್ದು ಸೇರಿ ಅವರ ಹೆಸರಲ್ಲಿ ಸುಮಾರು 300 ಪೇಟೆಂಟ್ ಇದ್ದವು.

1957ರಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆ ಅವರನ್ನು ಕರೆದರು. ಬಂದವರ ಗುಟ್ಟು ಏನು ಅಂತ ಊಹಿಸುವ ಆಟ ಅದು. ಎದುರಿಗೆ ಕೂತವರು ಯಾರಿಗೂ ಇವರೇ ಟಿವಿ ಕಂಡುಹಿಡಿದವರು ಅಂತ ಊಹಿಸಲು ಆಗಲಿಲ್ಲ. ಗೆದ್ದದ್ದಕ್ಕೆ 80 ಡಾಲರ್ ಮತ್ತು ಒಂದು ಪೆಟ್ಟಿಗೆ ಸಿಗರೇಟ್ ಸಿಕ್ಕಿತು.

1969ರ ಜುಲೈನಲ್ಲಿ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದನ್ನು ಫೈಲೋ ಮತ್ತು ಪೆಮ್ ಮನೆಯಲ್ಲಿ ಟಿವಿಯಲ್ಲೇ ನೋಡಿದರು. ಇಷ್ಟು ವರ್ಷ ಪಟ್ಟದ್ದಕ್ಕೆಲ್ಲ ಸಾರ್ಥಕ ಆಯ್ತು ಅನ್ನೋ ಅರ್ಥದ ಮಾತನ್ನು ಆ ರಾತ್ರಿ ಹೆಂಡತಿಗೆ ಹೇಳಿದರಂತೆ. 1971ರ ಮಾರ್ಚ್ 11ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲಿನ 35 ವರ್ಷ ಪೆಮ್ ಗಂಡನ ಹೆಸರು ಉಳಿಸಲು ಓಡಾಡಿದರು. 1983ರಲ್ಲಿ ಅಮೆರಿಕ ಸರ್ಕಾರ ಫೈಲೋ ಚಿತ್ರದ ಅಂಚೆಚೀಟಿ ತಂದಿತು.

ನಮಗೇನು ಪಾಠ?

ಫೈಲೋ ಕಾಲ ಬೇರೆ, ದೇಶ ಬೇರೆ. ಆದರೆ ಅವರನ್ನು ಕಾಪಾಡಿದ್ದು ಇಲ್ಲೂ ಕಾಪಾಡುತ್ತೆ. ನಮ್ಮಲ್ಲಿ 1970ರ ಪೇಟೆಂಟ್ ಕಾಯ್ದೆ ಇದೆ. ಬರೀ ಯೋಚನೆಗೆ ಪೇಟೆಂಟ್ ಸಿಗಲ್ಲ, ಅದು ಹೇಗೆ ಕೆಲಸ ಮಾಡುತ್ತೆ ಅಂತ ಬರೆದುಕೊಡಬೇಕು. ಯಂತ್ರ ಪೂರ್ತಿ ಆಗಿಲ್ಲದಿದ್ದರೆ ಮೊದಲು ತಾತ್ಕಾಲಿಕ ಅರ್ಜಿ ಹಾಕಿ ತಾರೀಕು ಹಿಡಿದುಕೊಳ್ಳಬಹುದು. 12 ತಿಂಗಳೊಳಗೆ ಪೂರ್ತಿ ವಿವರ ಸಲ್ಲಿಸಬೇಕು. ಕರ್ನಾಟಕದವರ ಅರ್ಜಿ ಹೋಗೋದು ಚೆನ್ನೈ ಕಚೇರಿಗೆ, ಆನ್‌ಲೈನ್‌ನಲ್ಲೇ ಹಾಕಬಹುದು. ಪೇಟೆಂಟ್ ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು.

ಅರ್ಜಿಗೂ ಮೊದಲು ಮೇಳದಲ್ಲಿಟ್ಟು ಎಲ್ಲರಿಗೂ ತೋರಿಸಿದರೆ, ವಿಡಿಯೋ ಮಾಡಿ ಹಾಕಿದರೆ, ಹೊಸತು ಅನ್ನೋ ಹಕ್ಕೇ ಬಿದ್ದುಹೋಗಬಹುದು. ಕಂಪನಿಯವರು ನೋಡೋಕೆ ಬಂದರೆ ಯಾರ ಕಡೆಯಿಂದ ಬಂದಿದ್ದಾರೆ ಅಂತ ಮೊದಲು ಕೇಳಿ. ಗುಟ್ಟು ಹೊರಗೆ ಬಿಡಲ್ಲ ಅನ್ನೋ ಕರಾರಿಗೆ ಸಹಿ ಹಾಕಿಸಿ, ಆಮೇಲೆ ವರ್ಕ್‌ಶಾಪ್ ಬಾಗಿಲು ತೆಗೆಯಿರಿ. ಅರ್ಜಿಯಲ್ಲಿ ಇಲ್ಲದ ಕೈಚಳಕವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಹಕ್ಕು ಇದೆ ಅಂತ ಸುಮ್ಮನೆ ಕೂರಬೇಡಿ, ವರ್ಷಗಳು ಎಣಿಕೆ ಆಗ್ತಾ ಇರುತ್ತವೆ.

ಟೋಲ್ಮನ್ ಅವರಂಥ ಮೇಷ್ಟ್ರು ಎಲ್ಲರಿಗೂ ಸಿಗಲ್ಲ, ಸಿಕ್ಕರೂ ನೆನಪನ್ನು ಕಾನೂನು ಅಷ್ಟಾಗಿ ನಂಬಲ್ಲ. ಕರಿಹಲಗೆಯ ಮೇಲೆ ಬರೆದದ್ದು ಅಳಿಸಿಹೋಗುತ್ತೆ. ತಾರೀಕು ಹಾಕಿ ಕಚೇರಿಗೆ ಕೊಟ್ಟ ಕಾಗದ ಉಳಿಯುತ್ತೆ.